ಇಪ್ಪತ್ನಾಲ್ಕು ಲಾಳಿಮಗ್ಗಗಳ ಶೆಡ್ಡು: ಮಾಗಿದ ಉದ್ಯಮದಲ್ಲಿ ಸುಧಾರಣೆ ಏಕೆ ನಿಧಾನವಾಗುತ್ತದೆ

ಇಚಲಕರಂಜಿ ಕೊಲ್ಹಾಪುರ ಜಿಲ್ಲೆಗೆ ಸೇರಿದ ಊರು. ಆದರೆ ನಿಪ್ಪಾಣಿ, ಸದಲಗಾ, ಬೋರಗಾಂವ ಕಡೆಯವರಿಗೆ ಅದು ನೆರೆಯ ಪೇಟೆ, ರಬಕವಿ-ಬನಹಟ್ಟಿಯ ನೇಕಾರರಿಗೆ ತಲೆಮಾರುಗಳಿಂದ ದುಡಿಮೆ ಹುಡುಕಿಕೊಂಡು ಹೋಗುವ ಊರು. ಪಂಚಗಂಗೆಯ ದಂಡೆಯ ಈ ಜಹಗೀರಿನಲ್ಲಿ ಘೋರ್ಪಡೆ ಮನೆತನದ ಪ್ರೋತ್ಸಾಹದಿಂದ ವಿಠ್ಠಲರಾವ್ ದಾತಾರ್ ಅವರು 1904ರಲ್ಲಿ ಮೊದಲ ಯಂತ್ರಮಗ್ಗವನ್ನು ನಿಲ್ಲಿಸಿದರು. ಇಂದು ಊರಿನ ಯಾವ ಗಲ್ಲಿಗೆ ಹೋದರೂ ಮಗ್ಗದ ಸದ್ದು ಕೇಳಿಸದೆ ಇರುವುದಿಲ್ಲ. ಇಲ್ಲಿ ವಿವರಿಸುವ ಪ್ರಕರಣ ಆ ಗಲ್ಲಿಗಳಲ್ಲೊಂದರ ಇಪ್ಪತ್ನಾಲ್ಕು ಮಗ್ಗಗಳ ಶೆಡ್ಡಿನದು. ಅಜ್ಜ ಬನಹಟ್ಟಿಯ ಕಡೆಯಿಂದ ಬಂದವರು. ಮನೆಯ ಮಾತು ಕನ್ನಡ, ಬಾಜಾರದ ಮಾತು ಮರಾಠಿ, ಲೆಕ್ಕದ ವಹಿಯೂ ಮರಾಠಿಯಲ್ಲಿಯೇ. ಈಗ ಶೆಡ್ಡನ್ನು ನಡೆಸುತ್ತಿರುವವರು ಮೂರನೆಯ ತಲೆಮಾರಿನ ಅಣ್ಣ ಮತ್ತು ತಮ್ಮ. ಅವರ ಹೆಸರಾಗಲಿ ಗಲ್ಲಿಯ ಹೆಸರಾಗಲಿ ಇಲ್ಲಿ ಅಗತ್ಯವಿಲ್ಲ.

ಪ್ರಶ್ನೆ ಎದ್ದದ್ದು ತಮ್ಮನಿಂದ. ಅಡ್ಡ ಎಳೆಯನ್ನು ಮರದ ಲಾಳಿ ಒಯ್ಯುವ ಇಪ್ಪತ್ನಾಲ್ಕು ಲಾಳಿಮಗ್ಗಗಳನ್ನೂ ಗುಜರಿಗೆ ಹಾಕಿ, ಬ್ಯಾಂಕಿನ ಸಾಲದಲ್ಲಿ ಲಾಳಿಯಿಲ್ಲದೆ ನೇಯುವ ನಾಲ್ಕು ಸೆಕೆಂಡ್ ಹ್ಯಾಂಡ್ ರೇಪಿಯರ್ ಮಗ್ಗಗಳನ್ನು ತರಬೇಕು ಎಂಬುದು ಅವರ ಪ್ರಸ್ತಾಪ. ಅಣ್ಣನಿಗೆ ಅದು ಒಪ್ಪಿಗೆಯಿರಲಿಲ್ಲ. ಇಬ್ಬರೂ ಸೇರಿ ಲೆಕ್ಕ ನೋಡಿಕೊಡಲು ನನ್ನನ್ನು ಕೇಳಿದರು. ಲೆಕ್ಕಕ್ಕೆಂದು ಹಳೆಯ ವಹಿಗಳನ್ನು ತಿರುವಿದಾಗ ನನಗೆ ಕಂಡ ದೊಡ್ಡ ಪ್ರಶ್ನೆ ಬೇರೆಯೇ ಆಗಿತ್ತು. ಈ ಶೆಡ್ಡು ಆರಂಭದ ಎರಡು ಮೂರು ದಶಕಗಳಲ್ಲಿ ಒಂದರ ಹಿಂದೆ ಒಂದರಂತೆ ಸುಧಾರಣೆಗಳನ್ನು ಕಂಡಿದೆ, ಆಮೇಲೆ ಬಹುತೇಕ ನಿಂತಿದೆ. ನಡೆಸಿದವರು ಅದೇ ಮನೆಯವರು, ನೇಯ್ದದ್ದು ಅದೇ ಬಟ್ಟೆ, ದುಡಿಮೆಯ ಹುರುಪಿಗೂ ಕೊರತೆಯಿರಲಿಲ್ಲ. ಹಾಗಿದ್ದರೆ ನಿಂತದ್ದು ಏಕೆ?

ಶೆಡ್ಡಿನಲ್ಲಿ ಏನೇನು ಬದಲಾಯಿತು

ಅಜ್ಜನ ಕಾಲದಲ್ಲಿ ಶೆಡ್ಡಿಗೆಲ್ಲ ಒಂದೇ ಮೋಟಾರು. ಛಾವಣಿಯ ಕೆಳಗೆ ಉದ್ದಕ್ಕೂ ಒಂದು ಶಾಫ್ಟು ತಿರುಗುತ್ತಿತ್ತು, ಅದರಿಂದ ಪ್ರತಿ ಮಗ್ಗಕ್ಕೂ ಒಂದೊಂದು ಪಟ್ಟಾ ಇಳಿಯುತ್ತಿತ್ತು. ಶಾಫ್ಟಿನ ಒಂದು ಬೇರಿಂಗ್ ಕೆಟ್ಟರೆ ಎಲ್ಲ ಮಗ್ಗಗಳೂ ನಿಲ್ಲುತ್ತಿದ್ದವು. ಮಗ್ಗಕ್ಕೊಂದು ಒಂದು ಎಚ್‌ಪಿ ಮೋಟಾರು ಬಂದಾಗ ಆದ ಲಾಭ ದೊಡ್ಡದು: ಒಂದು ಮಗ್ಗ ಕೆಟ್ಟರೆ ಒಂದೇ ನಿಲ್ಲುತ್ತದೆ, ಖಾಲಿ ಶಾಫ್ಟು ತಿರುಗಿಸಲು ವ್ಯರ್ಥವಾಗುತ್ತಿದ್ದ ಕರೆಂಟು ಉಳಿಯುತ್ತದೆ. ಲಾಳಿಯನ್ನು ಹೊಡೆಯುವ ಪಿಕರ್ ಮೊದಲು ಎಮ್ಮೆಯ ಚರ್ಮದ್ದಾಗಿತ್ತು, ಅದನ್ನು ಎಣ್ಣೆಯಲ್ಲಿ ನೆನೆಸಿ ಹದಮಾಡಬೇಕಾಗಿತ್ತು, ಹದ ತಪ್ಪಿದರೆ ಬಿರಿಯುತ್ತಿತ್ತು. ನೈಲಾನ್ ಪಿಕರ್ ಬಂದ ಮೇಲೆ ಆ ಗೋಳು ಹೋಯಿತು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಮನೆಯ ಹೆಂಗಸರ ಚರಕದಿಂದ ಯಂತ್ರಕ್ಕೆ ಬಂತು. ಹಾಸಿನ, ಎಂದರೆ ಉದ್ದ ಎಳೆಗಳ, ನೂಲಿಗೆ ಗಂಜಿ ಹಾಕುವ ಕೆಲಸ ಸೈಜಿಂಗ್ ಕಾರ್ಖಾನೆಗೆ ಹೋಯಿತು, ಅಲ್ಲಿಂದ ಹಾಸು ಸುತ್ತಿದ ಸಿದ್ಧ ಬೀಮು ಕೈಗಾಡಿಯ ಮೇಲೆ ಬರತೊಡಗಿತು. ಇವೆಲ್ಲವೂ ಸೇರಿ ಮಗ್ಗ ನಿಲ್ಲುವ ಹೊತ್ತು ಇಳಿಯಿತು, ಒಬ್ಬ ನೇಕಾರ ನೋಡಿಕೊಳ್ಳುವ ಮಗ್ಗಗಳ ಸಂಖ್ಯೆ ಏರಿತು.

ನಂತರದ ವಹಿಗಳಲ್ಲಿ ಖರ್ಚಿನ ಬಾಬ್ತುಗಳು ಬೇರೆ ಬಗೆಯವು. ಟ್ಯೂಬ್‌ಲೈಟ್ ಹೋಗಿ ಎಲ್‌ಇಡಿ ಬಂತು, ಮೀಟರ್ ಎಣಿಸುವ ಚಿಕ್ಕ ಡಿಜಿಟಲ್ ಪೆಟ್ಟಿಗೆ ಬಂತು, ಬಾಗಿಲಿಗೆ ಸಿಸಿಟಿವಿ ಕ್ಯಾಮೆರಾ ಬಂತು. ಮಗ್ಗ ಮಾತ್ರ ಹಾಗೆಯೇ ಉಳಿಯಿತು. ಶೆಡ್ಡಿನ ಜಾಬರ್ ಕಾಕಾ, ಅಂದರೆ ಮಗ್ಗ ರಿಪೇರಿಯ ಮುಖ್ಯ ಮಿಸ್ತ್ರಿ, ಇದನ್ನು ನನಗಿಂತ ಚೆನ್ನಾಗಿ ಹೇಳಿದರು: "ಇದರಾಗ ಇನ್ನ ಸುಧಾರಸೂದು ಏನೂ ಉಳದಿಲ್ರೀ. ಉಳದದ್ದಂದ್ರ ಸಂಭಾಳಿಸೂದು."

ಅವರು ಸಂಭಾಳಿಸುವ ರೀತಿಯನ್ನು ಹತ್ತಿರದಿಂದ ನೋಡುವುದು ಒಂದು ಪಾಠವೇ. ಸದ್ದಿನ ನಡುವೆ ನಡೆದುಹೋಗುತ್ತ ಒಂದು ಮಗ್ಗದ ಬಳಿ ನಿಲ್ಲುತ್ತಾರೆ. ಲಾಳಿ ಎದುರು ಪೆಟ್ಟಿಗೆಗೆ ಬಡಿಯುವ ಸದ್ದು ಉಳಿದವಕ್ಕಿಂತ ತುಸು ಗಟ್ಟಿಯಾಗಿದೆ ಎಂದರೆ ಹೊಡೆತ ಹೆಚ್ಚಾಗಿದೆ ಎಂದೇ ಅರ್ಥ. ಮಗ್ಗ ನಿಲ್ಲಿಸಿ, ಹೊಡೆತದ ಕೋಲಿಗೆ ಕಟ್ಟಿದ ಪಟ್ಟಿಯನ್ನು ಒಂದು ಬೆರಳಿನಷ್ಟು ಸಡಿಲಿಸಿ, ಲಾಳಿಪೆಟ್ಟಿಗೆಯ ಒತ್ತುಪಟ್ಟಿಯ ಹಿಂದೆ ಹಳೆಯ ಚರ್ಮದ ಒಂದು ಚೂರನ್ನು ತೂರಿಸಿ, ಕೈಯಿಂದ ಗಾಲಿ ತಿರುಗಿಸಿ ಲಾಳಿ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಹೊಡೆತ ಕಡಿಮೆಯಾದರೆ ಲಾಳಿ ನಡುವೆಯೇ ಸಿಕ್ಕಿಕೊಂಡು ಹಾಸಿನ ಎಳೆಗಳು ಗುಂಪಾಗಿ ಹರಿಯುತ್ತವೆ. ಹೆಚ್ಚಾದರೆ ಲಾಳಿ ಮರಳಿ ಪುಟಿಯುತ್ತದೆ, ಕೆಲವೊಮ್ಮೆ ಹಾರಿ ಹೊರಬೀಳುತ್ತದೆ. ಈ ಎರಡರ ನಡುವಿನ ಜಾಗ ಬಹಳ ಕಿರಿದು, ಮಗ್ಗದ ವೇಗ ಏರಿದಷ್ಟೂ ಅದು ಇನ್ನೂ ಕಿರಿದಾಗುತ್ತದೆ.

ಲಾಳಿಯ ತೂಕದಲ್ಲಿರುವ ಮಿತಿ

ಸುಧಾರಣೆ ನಿಂತದ್ದರ ಮೊದಲ ಕಾರಣ ಲಾಳಿಯಲ್ಲಿಯೇ ಇದೆ. ಶೆಡ್ಡಿನ ಮಗ್ಗಗಳು ನಿಮಿಷಕ್ಕೆ ಸುಮಾರು 150 ಹೊಕ್ಕು, ಎಂದರೆ ಅಡ್ಡ ಎಳೆ, ಹಾಕುತ್ತವೆ. ಒಂದು ಹೊಕ್ಕಿಗೆ ಸಿಗುವ ಸಮಯ 0.4 ಸೆಕೆಂಡು, ಅದರಲ್ಲಿ ಲಾಳಿ ಹಾಯಲು ಸಿಗುವುದು ಮೂರನೆಯ ಒಂದು ಭಾಗದಷ್ಟು. ಅಷ್ಟರೊಳಗೆ 52 ಇಂಚಿನ ಹಾಸನ್ನು ದಾಟಬೇಕಾದರೆ ಸೆಕೆಂಡಿಗೆ ಸುಮಾರು ಹತ್ತು ಮೀಟರ್ ವೇಗ ಬೇಕು, ಮರುಕ್ಷಣವೇ ಪೂರ್ಣ ನಿಲ್ಲಬೇಕು. ಕಂಡಿಕೆ ತುಂಬಿದ ಮರದ ಲಾಳಿಯ ತೂಕ 400 ಗ್ರಾಂ ಎಂದಿಟ್ಟುಕೊಳ್ಳೋಣ. 40 ನಂಬರಿನ ಹೊಕ್ಕಿನ ನೂಲು ಒಂದು ಮೀಟರಿಗೆ 0.015 ಗ್ರಾಂ ತೂಗುತ್ತದೆ, ಆದ್ದರಿಂದ ಒಂದು ಹಾಯುವಿಕೆಯಲ್ಲಿ ಬಟ್ಟೆಗೆ ಸೇರುವ ನೂಲು ಸುಮಾರು 0.02 ಗ್ರಾಂ ಮಾತ್ರ. ಎಂದರೆ ಒಂದು ತೂಕದ ನೂಲನ್ನು ಒಯ್ಯಲು ಅದರ ಇಪ್ಪತ್ತು ಸಾವಿರ ಪಟ್ಟು ತೂಕದ ಮರವನ್ನು ಎಸೆಯುತ್ತಿದ್ದೇವೆ, ಎಸೆದು ಹಿಡಿಯುತ್ತಿದ್ದೇವೆ.

ವೇಗ ಇಮ್ಮಡಿಸಿದರೆ ಒಂದು ಹೊಡೆತಕ್ಕೆ ಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಿಮಿಷಕ್ಕೆ ಹೊಡೆತಗಳ ಸಂಖ್ಯೆಯೂ ಎರಡು ಪಟ್ಟಾಗುವುದರಿಂದ ಒಟ್ಟು ಎಂಟು ಪಟ್ಟು. ಮೊದಮೊದಲು ಜಾಬರನ ಕೈಚಳಕ, ನೈಲಾನ್ ಪಿಕರ್, ಒಳ್ಳೆಯ ಪಟ್ಟಿಗಳಿಂದ ಒಂದಿಷ್ಟು ವೇಗ ಸುಲಭವಾಗಿ ಸಿಕ್ಕಿತು. ಈ ಭಾಗದವರಿಗೆ ಬೆಲ್ಲದ ಗಾಣ ಗೊತ್ತು: ಕಬ್ಬಿನ ಮೊದಲ ಹಿಂಡಿನಲ್ಲಿ ಬಂದಷ್ಟು ರಸ ಮರುಹಿಂಡಿನಲ್ಲಿ ಬಾರದು. ಜಗತ್ತಿನ ಯಾವ ನೇಯ್ಗೆ ಯಂತ್ರಶಾಸ್ತ್ರಜ್ಞ ಬಂದರೂ ಮರದ ಲಾಳಿಯಿಂದ ಇನ್ನು ದೊಡ್ಡದೇನನ್ನೂ ಹಿಂಡಲಾರ.

ಇತಿಹಾಸವೂ ಇದನ್ನೇ ತೋರಿಸುತ್ತದೆ. ಇಂಗ್ಲೆಂಡಿನ ಜಾನ್ ಕೇ ಹಾರುಲಾಳಿಯನ್ನು ರೂಪಿಸಿದ್ದು 1733ರಲ್ಲಿ, ಎಡ್ಮಂಡ್ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದದ್ದು 1785ರಲ್ಲಿ, ಬ್ಲ್ಯಾಕ್‌ಬರ್ನಿನ ಕೆನ್‌ವರ್ದಿ ಮತ್ತು ಬುಲೋ ಅವರ ಕೈಯಲ್ಲಿ ಲ್ಯಾಂಕಾಶೈರ್ ಮಗ್ಗ ಒಂದು ಸ್ಥಿರ ರೂಪಕ್ಕೆ ಬಂದದ್ದು 1842ರಲ್ಲಿ. ಹೊಕ್ಕು ಹರಿದರೆ ಮಗ್ಗ ತಾನಾಗಿ ನಿಲ್ಲುವ ವ್ಯವಸ್ಥೆಯೂ ಆ ಹೊತ್ತಿಗೆ ಬಂದಿತ್ತು. ಇಚಲಕರಂಜಿಯ ಸಾದಾ ಮಗ್ಗ ಇದೇ ವಂಶದ್ದು. 1890ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಜೇಮ್ಸ್ ನಾರ್ತ್‌ರಪ್ ಅವರ ಮಗ್ಗ ಖಾಲಿ ಕಂಡಿಕೆಯನ್ನು ತಾನೇ ಬದಲಿಸಿಕೊಳ್ಳತೊಡಗಿತು. ಅಲ್ಲಿಗೆ ಲಾಳಿಮಗ್ಗದ ದೊಡ್ಡ ಸುಧಾರಣೆಗಳು ಹೆಚ್ಚುಕಡಿಮೆ ಮುಗಿದವು. ಮುಂದಿನ ನೆಗೆತಕ್ಕೆ ಲಾಳಿಯನ್ನೇ ಬಿಡಬೇಕಾಯಿತು. ಸ್ವಿಟ್ಜರ್ಲೆಂಡಿನ ಸುಲ್ಜರ್ ಕಂಪನಿ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದ ಮಗ್ಗದಲ್ಲಿ ನೂಲನ್ನು ಕಚ್ಚಿಕೊಂಡು ಹಾರುವ ಉಕ್ಕಿನ ತುಣುಕಿನ ತೂಕ ಸುಮಾರು 40 ಗ್ರಾಂ. ಕಂಡಿಕೆ ಅದರೊಳಗಿಲ್ಲ, ನೂಲಿನ ಕೋನು ಮಗ್ಗದ ಪಕ್ಕದಲ್ಲಿ ನಿಂತಿರುತ್ತದೆ. ರೇಪಿಯರ್‌ನಲ್ಲಿ ಒಂದು ಕಡೆಯಿಂದ ಬರುವ ಪಟ್ಟಿ ನೂಲನ್ನು ನಡುವಿನವರೆಗೆ ತಂದು ಇನ್ನೊಂದಕ್ಕೆ ಒಪ್ಪಿಸುತ್ತದೆ. ಏರ್‌ಜೆಟ್‌ನಲ್ಲಿ ನೂಲನ್ನು ಗಾಳಿಯೇ ಒಯ್ಯುತ್ತದೆ. ಮಾಗಿ ನಿಂತದ್ದು ಲಾಳಿಯ ತಂತ್ರ. ನೇಯ್ಗೆಯ ಉದ್ಯಮ ಬೇರೆ ತಂತ್ರ ಹಿಡಿದು ಮುಂದೆ ನಡೆಯಿತು.

ಕಲಿಕೆಯ ಗಣಿತ

ಇನ್ನೊಂದು ಕಾರಣ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. 1936ರಲ್ಲಿ ಅಮೆರಿಕದ ವಿಮಾನ ಎಂಜಿನಿಯರ್ ಟಿ. ಪಿ. ರೈಟ್ ಒಂದು ನಿಯಮವನ್ನು ಮುಂದಿಟ್ಟರು: ಅಲ್ಲಿಯವರೆಗೆ ತಯಾರಿಸಿದ ಒಟ್ಟು ವಿಮಾನಗಳ ಸಂಖ್ಯೆ ಇಮ್ಮಡಿಸಿದಾಗಲೆಲ್ಲ ಒಂದಕ್ಕೆ ತಗಲುವ ದುಡಿಮೆ ಒಂದು ನಿಶ್ಚಿತ ಪ್ರಮಾಣದಲ್ಲಿ ಇಳಿಯುತ್ತದೆ. ಹಲವು ಉದ್ಯಮಗಳಲ್ಲಿ ಇದು ಹೆಚ್ಚುಕಡಿಮೆ ಹೊಂದುತ್ತದೆ. ಇದರ ಒಳಗಿರುವ ಒಂದು ಸರಳ ಲೆಕ್ಕವನ್ನು ಮಾತ್ರ ಬಹಳ ಜನ ಗಮನಿಸುವುದಿಲ್ಲ. ಶೆಡ್ಡು ವರ್ಷಕ್ಕೆ ಒಂದೇ ಪ್ರಮಾಣದ ಬಟ್ಟೆ ನೇಯುತ್ತದೆ ಎಂದುಕೊಂಡರೆ ಮೊದಲ ವರ್ಷದ ಒಟ್ಟು ಉತ್ಪಾದನೆ ಇಮ್ಮಡಿಸಲು ಇನ್ನೊಂದು ವರ್ಷ ಸಾಕು. ಮತ್ತೆ ಇಮ್ಮಡಿಸಲು ಎರಡು ವರ್ಷ, ಆಮೇಲೆ ನಾಲ್ಕು, ಎಂಟು, ಹದಿನಾರು. ಅರವತ್ತು ವರ್ಷ ನಡೆದ ಶೆಡ್ಡಿನಲ್ಲಿ ಒಟ್ಟು ನೇಯ್ಗೆ ಮತ್ತೊಮ್ಮೆ ಇಮ್ಮಡಿಸಲು ಇನ್ನೂ ಅರವತ್ತು ವರ್ಷ ಬೇಕು.

ಇಲ್ಲಿ ಕಲಿಕೆಯ ಶಕ್ತಿ ಕುಗ್ಗಿಲ್ಲ, ಪ್ರತಿ ಇಮ್ಮಡಿಯೂ ಅಷ್ಟೇ ಫಲ ಕೊಡುತ್ತಿದೆ. ಆದರೆ ಆ ಇಮ್ಮಡಿ ಒಬ್ಬ ಮನುಷ್ಯನ ದುಡಿಮೆಯ ಅವಧಿಗಿಂತ ದೂರಕ್ಕೆ ಹೋಗಿಬಿಟ್ಟಿದೆ. ಬೆಳೆಯುತ್ತಿರುವ ಉದ್ಯಮದಲ್ಲಿ ಉತ್ಪಾದನೆಯೇ ವರ್ಷದಿಂದ ವರ್ಷಕ್ಕೆ ಏರುವುದರಿಂದ ಇಮ್ಮಡಿ ಬೇಗ ಬರುತ್ತದೆ. ಬೆಳವಣಿಗೆ ನಿಂತ ಉದ್ಯಮದಲ್ಲಿ ಅದು ತಾನಾಗಿಯೇ ತಡವಾಗುತ್ತದೆ. ಅಣ್ಣ ತನ್ನ ತಂದೆಗಿಂತ ಕಡಿಮೆ ಬುದ್ಧಿವಂತ ಎಂದೋ ಸೋಮಾರಿ ಎಂದೋ ಊಹಿಸಬೇಕಾದ ಅಗತ್ಯವೇ ಇಲ್ಲ.

ಉದ್ಯಮಗಳು ಬೆಳೆದಂತೆ ಅವುಗಳ ವೇಗ ತಗ್ಗುವುದನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಮುಂದೆ 1971ರಲ್ಲಿ ನೊಬೆಲ್ ಪಡೆದ ಸೈಮನ್ ಕುಜ್ನೆಟ್ಸ್ 1930ರಲ್ಲಿಯೇ ಅಮೆರಿಕ ಮತ್ತು ಯುರೋಪಿನ ದೇಶಗಳ ಉತ್ಪಾದನಾ ಅಂಕಿಗಳನ್ನು ಉದ್ದಕ್ಕೂ ಹಿಡಿದು ನೋಡಿ, ಮೊದಲ ಹಂತದ ದೊಡ್ಡ ಆವಿಷ್ಕಾರದ ನಂತರ ಸುಧಾರಿಸಲು ಉಳಿಯುವ ಜಾಗ ಕಿರಿದಾಗುತ್ತದೆ, ಜೊತೆಗೆ ಹೊಸ ದೇಶಗಳ ಅದೇ ಉದ್ಯಮ ಪೈಪೋಟಿಗೆ ಬರುತ್ತದೆ ಎಂದು ವಾದಿಸಿದರು. ಒಟ್ಟಾರೆ ಚಿತ್ರ ನಿಜ. ಆದರೆ ಅವರು ನೋಡಿದ ಎತ್ತರದಿಂದ ಶೆಡ್ಡಿನ ಒಳಗು ಕಾಣುವುದಿಲ್ಲ. ಲಾಳಿಯಿಲ್ಲದ ಮಗ್ಗ ಜಗತ್ತಿನಲ್ಲಿ ಎಪ್ಪತ್ತು ವರ್ಷಗಳಿಂದ ಇದೆ. ಅದು ಈ ಗಲ್ಲಿಗೆ ಏಕೆ ಬರಲಿಲ್ಲ ಎಂಬುದಕ್ಕೆ ಉತ್ತರ ವಹಿಯಲ್ಲಿಯೇ ಹುಡುಕಬೇಕು.

ಹಳೆಯ ಮಗ್ಗದ ಬೆಲೆ

ಶೆಡ್ಡು ಇಲ್ಲಿಯ ಭಾಷೆಯಲ್ಲಿ 'ಖರ್ಚೀವಾಲಾ' ಪದ್ಧತಿಯದು. ವ್ಯಾಪಾರಿ ನೂಲು ಕೊಡುತ್ತಾನೆ, ಮಗ್ಗದವರು ನೇಯ್ದುಕೊಟ್ಟು ಹೊಕ್ಕಿನ, ಎಂದರೆ ಪಿಕ್‌ ಲೆಕ್ಕದಲ್ಲಿ ಮಜೂರಿ ಪಡೆಯುತ್ತಾರೆ. ಇಂಚಿಗೆ ಇಷ್ಟು ಹೊಕ್ಕು, ಒಂದು ಪಿಕ್‌ಗೆ ಮೀಟರಿಗೆ ಇಷ್ಟು ಪೈಸೆ. ಕಾರ್ಮಿಕರ ಕೂಲಿಯ ಮಾತುಕತೆಯೂ 52 ಪಿಕ್‌ನ ಬಟ್ಟೆಯನ್ನು ಮಾದರಿಯಾಗಿಟ್ಟುಕೊಂಡೇ ನಡೆಯುತ್ತದೆ.

ಅಣ್ಣತಮ್ಮಂದಿರಿಗೆ ನಾನು ತೋರಿಸಿದ ಲೆಕ್ಕದ ರೀತಿ ಹೀಗಿತ್ತು. ಅಂಕಿಗಳು ವಿವರಣೆಗೆಂದು ಇಟ್ಟುಕೊಂಡವು, ಬಾಜಾರದ ದರವಲ್ಲ. ಪಿಕ್‌ಗೆ 10 ಪೈಸೆ ಎಂದರೆ 52 ಪಿಕ್‌ನ ಒಂದು ಮೀಟರಿಗೆ 5 ರೂಪಾಯಿ 20 ಪೈಸೆ. ಹಳೆಯ ಮಗ್ಗದಲ್ಲಿ ಕೂಲಿ, ಕರೆಂಟು, ಬಿಡಿಭಾಗ ಎಲ್ಲ ಸೇರಿ 4 ರೂಪಾಯಿ 60 ಪೈಸೆ ಖರ್ಚಾದರೆ ಉಳಿಯುವುದು 60 ಪೈಸೆ. 150 ಹೊಕ್ಕಿನ ವೇಗದಲ್ಲಿ ಗಂಟೆಗೆ 4.4 ಮೀಟರ್, ದಿನಕ್ಕೆ ಇಪ್ಪತ್ತು ಗಂಟೆ ನಡೆಸಿ ನಿಂತ ಹೊತ್ತನ್ನು ಕಳೆದರೆ 70 ಮೀಟರ್, ವರ್ಷಕ್ಕೆ ಮುನ್ನೂರು ದಿನಗಳಲ್ಲಿ 21,000 ಮೀಟರ್. ಒಂದು ಮಗ್ಗದ ಉಳಿತಾಯ 12,600 ರೂಪಾಯಿ. ಇದು ತೀರ ಸಣ್ಣ ಮೊತ್ತ, ತಮ್ಮನ ಅಸಮಾಧಾನ ಸಹಜ. ಆದರೆ ಆ ಮಗ್ಗದ ಅಸಲು ಎಂದೋ ತೀರಿದೆ. ಅದನ್ನು ಇಂದು ಮಾರಿದರೆ ಸಿಗುವುದು ಕಬ್ಬಿಣದ ತೂಕದ ಬೆಲೆ. ಅದು 25,000 ರೂಪಾಯಿ ಎಂದುಕೊಂಡರೆ ಆ ಮಗ್ಗ ತನ್ನ ಇಂದಿನ ಬೆಲೆಯ ಅರ್ಧದಷ್ಟನ್ನು ಪ್ರತಿ ವರ್ಷ ದುಡಿದುಕೊಡುತ್ತಿದೆ. ಅಂಥ ಬಡ್ಡಿ ಯಾವ ಬ್ಯಾಂಕು ಕೊಟ್ಟೀತು?

ರೇಪಿಯರ್‌ಗೆ ಬರೋಣ. ನಿಮಿಷಕ್ಕೆ 350 ಹೊಕ್ಕು, ಅಗಲ ಹೆಚ್ಚಿರುವುದರಿಂದ ಎರಡು ಪನ್ನ, ಎಂದರೆ ಎರಡು ಬಟ್ಟೆಯ ಅಗಲ, ಒಟ್ಟಿಗೆ, ನಿಲ್ಲುವ ಹೊತ್ತು ತುಸು ಕಡಿಮೆ, ಖರ್ಚು ಮೀಟರಿಗೆ 3 ರೂಪಾಯಿ ಮಾತ್ರ ಎಂದು ಉದಾರವಾಗಿಯೇ ಹಿಡಿದರೆ ವರ್ಷಕ್ಕೆ ಸುಮಾರು 1,04,000 ಮೀಟರ್ ಬಟ್ಟೆ, ಮೀಟರಿಗೆ 2 ರೂಪಾಯಿ 20 ಪೈಸೆಯಂತೆ ಸುಮಾರು 2 ಲಕ್ಷ 29 ಸಾವಿರ ಉಳಿತಾಯ. ಮಗ್ಗ, ತಳಪಾಯ, ವೈರಿಂಗ್ ಸೇರಿ 12 ಲಕ್ಷವಾದರೆ ಶೇಕಡಾ 12ರ ಬಡ್ಡಿಯೇ 1 ಲಕ್ಷ 44 ಸಾವಿರ. ಉಳಿಯುವ 85 ಸಾವಿರದಲ್ಲಿ ಅಸಲು ತೀರಿಸಬೇಕು. ಇದು ಎರಡೂ ಪನ್ನಗಳಿಗೆ ವರ್ಷವಿಡೀ ಕೆಲಸವಿದ್ದಾಗಿನ ಲೆಕ್ಕ. ಒಂದೇ ಪನ್ನದ ಆರ್ಡರ್ ಸಿಕ್ಕರೆ ಉಳಿತಾಯ ಅರ್ಧಕ್ಕೆ ಇಳಿದು ಬಡ್ಡಿಯೂ ಹುಟ್ಟುವುದಿಲ್ಲ.

ಈ ಹೋಲಿಕೆಯ ಹಿಂದಿನ ತರ್ಕವನ್ನು 1960ರಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟವರು ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞ ಡಬ್ಲ್ಯು. ಇ. ಜಿ. ಸಾಲ್ಟರ್. ಹೊಸ ಯಂತ್ರ ತನ್ನ ನಡೆಸುವ ಖರ್ಚನ್ನೂ ಹಾಕಿದ ಬಂಡವಾಳವನ್ನೂ ಗಳಿಸಬೇಕು, ಹಳೆಯದು ನಡೆಸುವ ಖರ್ಚನ್ನು ಮಾತ್ರ ಗಳಿಸಿದರೆ ಸಾಕು. ಹೊಸ ಯಂತ್ರದ ಒಟ್ಟು ಖರ್ಚು ಹಳೆಯದರ ನಡೆಸುವ ಖರ್ಚಿಗಿಂತ ಕೆಳಗಿಳಿಯುವವರೆಗೆ ಹಳೆಯದನ್ನು ಉಳಿಸಿಕೊಳ್ಳುವುದು ಜಾಣತನವೇ. ಹೊಸ ಉದ್ಯಮದಲ್ಲಿ ಹಳೆಯ ಯಂತ್ರವೇ ಇರುವುದಿಲ್ಲ, ಆದ್ದರಿಂದ ಎಲ್ಲರೂ ಹೊಸದನ್ನೇ ಕೊಳ್ಳುತ್ತಾರೆ, ಪ್ರಗತಿ ವೇಗವಾಗಿ ಕಾಣುತ್ತದೆ. ಮಾಗಿದ ಉದ್ಯಮದಲ್ಲಿ ಬಂಡವಾಳ ತೀರಿದ ಯಂತ್ರಗಳೇ ಬಾಜಾರದ ಮಜೂರಿಯನ್ನು ಕೆಳಗೆ ಹಿಡಿದಿಟ್ಟಿರುತ್ತವೆ, ಹೊಸದು ಆ ಮಜೂರಿಗೇ ದುಡಿಯಬೇಕು. ಇಚಲಕರಂಜಿಯಲ್ಲಿ ಪ್ರತಿ ನಿಂತ ಮಗ್ಗದ ಗುಜರಿ ಬೆಲೆ ಕೂಡ ಈ ಲೆಕ್ಕದ ಒಳಗೇ ಬರುತ್ತದೆ, ಏಕೆಂದರೆ ಅದರ ಬಿಡಿಭಾಗಗಳು ನಡೆಯುತ್ತಿರುವ ಮಗ್ಗಗಳ ಆಯುಷ್ಯವನ್ನು ಹೆಚ್ಚಿಸುತ್ತವೆ.

ಲ್ಯಾಂಕಾಶೈರಿನಲ್ಲಿಯೂ ನೂರು ವರ್ಷಗಳ ಹಿಂದೆ ಹೀಗೆಯೇ ಆಯಿತು. ನಾರ್ತ್‌ರಪ್ ಮಗ್ಗವನ್ನು ಅಮೆರಿಕ ಬೇಗ ಅಪ್ಪಿಕೊಂಡಿತು, ಅಲ್ಲಿ ಒಬ್ಬ ನೇಕಾರ ಹದಿನಾರು ಮತ್ತು ಅದಕ್ಕೂ ಹೆಚ್ಚು ಮಗ್ಗ ನೋಡಿಕೊಳ್ಳತೊಡಗಿದ. ನಾಲ್ಕು ಮಗ್ಗಗಳ ನೇಕಾರರಿಗೆ ಹೊಂದಿಕೊಂಡಿದ್ದ ಲ್ಯಾಂಕಾಶೈರ್ ಹಿಂದೆ ಉಳಿಯಿತು. ಅಲ್ಲಿನ ಮಾಲೀಕರು ಸೋಮಾರಿಗಳಾಗಿದ್ದರೋ ಲೆಕ್ಕಸ್ಥರಾಗಿದ್ದರೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇಂದಿಗೂ ನಡೆಯುತ್ತಿದೆ. ಈ ವಹಿಗಳನ್ನು ನೋಡಿದ ಮೇಲೆ ನಾನು ಎರಡನೆಯದರ ಕಡೆಗೇ ವಾಲುತ್ತೇನೆ.

ಮಗ್ಗದ ಸುತ್ತ ಹೆಣೆದುಕೊಂಡದ್ದು

ಬೆಲೆಯ ಲೆಕ್ಕ ತೀರಿದರೂ ತಮ್ಮನ ಯೋಜನೆಗೆ ಇನ್ನೊಂದು ತೊಡಕಿತ್ತು. ಮಗ್ಗ ಬದಲಿಸುವುದೆಂದರೆ ಮಗ್ಗವೊಂದನ್ನೇ ಬದಲಿಸುವುದಲ್ಲ. ಲಾಳಿಮಗ್ಗದ ವೇಗಕ್ಕೆ ತಾಳುವ ನೂಲು ರೇಪಿಯರ್‌ನ ವೇಗಕ್ಕೆ ತಾಳದೆ ಹರಿಯುತ್ತದೆ, ಆದ್ದರಿಂದ ನೂಲಿನ ದರ್ಜೆ ಏರಬೇಕು. ಆದರೆ ನೂಲು ಕೊಡುವವನು ವ್ಯಾಪಾರಿ, ಅದರ ಹೆಚ್ಚಿನ ಖರ್ಚನ್ನು ಅವನು ಹೊರಬೇಕು. ಗಂಜಿಯ ಹದ ಬೇರೆಯಾಗಬೇಕು, ಬೀಮು ದೊಡ್ಡದಾಗಬೇಕು, ಅದನ್ನು ಸೈಜಿಂಗ್‌ನವರು ಒಪ್ಪಬೇಕು. ಗಲ್ಲಿಯ ತಿರುವಿನಲ್ಲಿ ದೊಡ್ಡ ಬೀಮಿನ ಗಾಡಿ ಹೊರಳುವುದಿಲ್ಲ ಎಂಬುದನ್ನು ತಮ್ಮನೇ ಒಪ್ಪಿಕೊಂಡರು. ಕರೆಂಟಿನ ಮಂಜೂರಾದ ಲೋಡು ಏರಬೇಕು. ಜಾಬರ್ ಕಾಕಾನ ಕಿವಿಗೆ ಅಲ್ಲಿ ಕೆಲಸವಿಲ್ಲ, ಎಲೆಕ್ಟ್ರಾನಿಕ್ಸ್ ಬಲ್ಲ ಮೆಕ್ಯಾನಿಕ್ ಬೇಕು.

ಬಟ್ಟೆಯ ಅಂಚಿನ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಲಾಳಿಮಗ್ಗದಲ್ಲಿ ಒಂದೇ ನೂಲು ಎಡದಿಂದ ಬಲಕ್ಕೆ ಹೋಗಿ ಅಲ್ಲಿಯೇ ತಿರುಗಿ ಮರಳುವುದರಿಂದ ಅಂಚು ತಾನಾಗಿ ಮುಚ್ಚಿಕೊಳ್ಳುತ್ತದೆ. ಧೋತರ, ಲುಂಗಿ, ಪಂಚೆಗಳಿಗೆ ಗಿರಾಕಿ ಬೆರಳಿನಿಂದ ಸವರಿ ನೋಡುವುದು ಆ ಅಂಚನ್ನೇ. ರೇಪಿಯರ್‌ನಲ್ಲಿ ಪ್ರತಿ ಹೊಕ್ಕೂ ಒಂದು ತುಂಡು, ಎರಡೂ ಬದಿಗಳಲ್ಲಿ ಎಳೆಗಳ ಜುಂಗು ಉಳಿಯುತ್ತದೆ, ಅದನ್ನು ಬಿಗಿಯಲು ಬೇರೆ ಎಳೆ ಬೇಕು, ಕತ್ತರಿಸಿದ ಜುಂಗು ವ್ಯರ್ಥ. ಒಂದು ಪಿಕ್‌ಗೆ ಎರಡು ಬದಿ ಸೇರಿ ಕೆಲವೇ ಸೆಂಟಿಮೀಟರ್ ಆದರೂ ವರ್ಷದ ಪಿಕ್‌ಗಳಿಗೆ ಗುಣಿಸಿದರೆ ನೂಲಿನ ಮಾಲೀಕ ಸುಮ್ಮನಿರುವುದಿಲ್ಲ. ಹಳೆಯ ತಂತ್ರ ತಾನು ಚೆನ್ನಾಗಿ ಮಾಡಬಲ್ಲದ್ದಕ್ಕೆ ತಕ್ಕ ಮಾರುಕಟ್ಟೆಯನ್ನೇ ತನ್ನ ಸುತ್ತ ಬೆಳೆಸಿಕೊಂಡಿರುತ್ತದೆ. ಹೊಸ ತಂತ್ರ ಒಟ್ಟಾರೆ ಮುಂದಿದ್ದರೂ ಆ ಮಾರುಕಟ್ಟೆಯಲ್ಲಿ ಅದಕ್ಕೆ ಹಿನ್ನಡೆಯಾಗುತ್ತದೆ.

ಸುಧಾರಣೆಯ ಲಾಭ ಯಾರಿಗೆ ಎಂಬ ಪ್ರಶ್ನೆಯೂ ಇದೆ. ಶೆಡ್ಡಿನಲ್ಲಿ ಖರ್ಚು ಇಳಿದರೆ ನಾಲ್ಕಾರು ತಿಂಗಳಲ್ಲಿ ಉಳಿದವರಲ್ಲೂ ಇಳಿಯುತ್ತದೆ, ಆಗ ವ್ಯಾಪಾರಿ ಮಜೂರಿ ಇಳಿಸುತ್ತಾನೆ. ನೈಲಾನ್ ಪಿಕರ್‌ನ ಲಾಭ ಹಾಗೆಯೇ ಹೋಯಿತು ಎಂದು ಅಣ್ಣ ಹೇಳಿದಾಗ ಅಲ್ಲಗಳೆಯಲು ನನ್ನ ಬಳಿ ಮಾತಿರಲಿಲ್ಲ. ಯಂತ್ರದ ಹೊಸ ವಿಚಾರ ಮಗ್ಗದವರಿಂದ ಹುಟ್ಟದೆ ಮಗ್ಗ ತಯಾರಿಸುವವರಿಂದ, ನೂಲು ತೆಗೆಯುವವರಿಂದ, ರಾಸಾಯನಿಕ ಮಾರುವವರಿಂದ ಬರುವುದು ಇದೇ ಕಾರಣಕ್ಕೆ. ಬ್ರಿಟನ್ನಿನ ಸಂಶೋಧಕ ಕೀತ್ ಪಾವಿಟ್ 1984ರಲ್ಲಿ ಉದ್ಯಮಗಳನ್ನು ವಿಂಗಡಿಸಿದಾಗ ಜವಳಿಯನ್ನು ಪೂರೈಕೆದಾರರ ಮೇಲೆ ಅವಲಂಬಿತವಾದ ಗುಂಪಿಗೆ ಸೇರಿಸಿದ್ದು ಸರಿಯಾಗಿಯೇ ಇದೆ. ಹಾಗಾಗಿ ಶೆಡ್ಡಿನ ವಹಿಯಲ್ಲಿ ನಿಂತಂತೆ ಕಂಡ ಪ್ರಗತಿ ನಿಜವಾಗಿ ಬೇರೆ ವಹಿಗಳಿಗೆ ವರ್ಗವಾಗಿದೆ. ಇಂದಿನ ನೂಲು ಅಜ್ಜನ ಕಾಲದ ನೂಲಿಗಿಂತ ದಪ್ಪದಲ್ಲಿ ಹೆಚ್ಚು ಸಮನಾಗಿದೆ, ಕೋನಿನಲ್ಲಿ ಗಂಟಿನ ಬದಲು ಕಾಣದ ಜೋಡಣೆ ಇದೆ. ಅದೇ ಮಗ್ಗ ಕಡಿಮೆ ಸಲ ನಿಲ್ಲುತ್ತದೆಂದರೆ ಅದರ ಶ್ರೇಯಸ್ಸು ನೂಲಿನ ಗಿರಣಿಗೂ ಸಲ್ಲಬೇಕು.

ಸರಕಾರದ ನೀತಿಯೂ ಎರಡು ದಿಕ್ಕಿಗೆ ಎಳೆದಿದೆ. 1999ರ ಏಪ್ರಿಲ್‌ನಲ್ಲಿ ಕೇಂದ್ರ ಆರಂಭಿಸಿದ ತಂತ್ರಜ್ಞಾನ ಉನ್ನತೀಕರಣ ನಿಧಿ ಯೋಜನೆ ಹೊಸ ಯಂತ್ರದ ಬಡ್ಡಿಯ ಹೊರೆ ಇಳಿಸಿತು. ಮಹಾರಾಷ್ಟ್ರದಲ್ಲಿ ಮಗ್ಗಗಳಿಗೆ ಸಿಗುವ ವಿದ್ಯುತ್ ರಿಯಾಯಿತಿ ಹಳೆಯ ಮಗ್ಗದ ನಡೆಸುವ ಖರ್ಚನ್ನೂ ಇಳಿಸಿತು. ಸಾಲ್ಟರ್ ಅವರ ತಕ್ಕಡಿಯಲ್ಲಿ ಎರಡೂ ತಟ್ಟೆಗೆ ಕಲ್ಲು ಬಿದ್ದಂತಾಯಿತು. ರಿಯಾಯಿತಿ ತಪ್ಪೆಂದು ನಾನು ಹೇಳುವುದಿಲ್ಲ, ಅದಿಲ್ಲದಿದ್ದರೆ ಈ ಗಲ್ಲಿಯ ಅರ್ಧ ಮನೆಗಳ ಒಲೆ ಉರಿಯುವುದು ಕಷ್ಟ. ಆದರೆ ಒಂದು ಕೈಯಿಂದ ಹಳೆಯದನ್ನು ಎತ್ತಿಹಿಡಿದು ಇನ್ನೊಂದು ಕೈಯಿಂದ ಹೊಸದನ್ನು ತಳ್ಳಿದಾಗ ಹೊಸದು ನಿಧಾನವಾಗಿ ಬಂತೆಂದು ಮಗ್ಗದವರ 'ಹಳೆಯ ಮನೋಭಾವ'ವನ್ನು ದೂರುವುದು ನ್ಯಾಯವಲ್ಲ.

ತೀರ್ಮಾನ ಮತ್ತು ಈಗಿನ ಸ್ಥಿತಿ

ಅಣ್ಣತಮ್ಮಂದಿರು ಕೊನೆಗೆ ಮಾಡಿದ್ದು ಇಬ್ಬರ ಪ್ರಸ್ತಾಪಕ್ಕೂ ಹೊರತಾದದ್ದು. ಇಪ್ಪತ್ನಾಲ್ಕರಲ್ಲಿ ಎಂಟು ಮಗ್ಗಗಳನ್ನು, ಅವೂ ಹೆಚ್ಚು ಸವೆದವನ್ನು, ಬಿಚ್ಚಿ ಬಿಡಿಭಾಗಗಳಿಗೆಂದು ಉಳಿಸಿಕೊಂಡರು. ಹದಿನಾರು ಮಗ್ಗಗಳು ಮುಚ್ಚಿದ ಅಂಚು ಬೇಕಾದ ಧೋತರದ ಬಟ್ಟೆಯನ್ನು ಮಾತ್ರ ನೇಯುತ್ತವೆ. ಎರಡು ರೇಪಿಯರ್‌ಗಳನ್ನು ತಮ್ಮನೇ ತಂದು ಊರ ಹೊರಗೆ ಬಾಡಿಗೆಯ ಶೆಡ್ಡಿನಲ್ಲಿ ಹಾಕಿದ್ದಾರೆ, ಅಲ್ಲಿ ಗಾಡಿ ಹೊರಳಲು ಜಾಗವಿದೆ. ಅವುಗಳಿಗೆ ಅಂಚಿನ ತಕರಾರಿಲ್ಲದ ಅಗಲ ಪನ್ನದ ಬಟ್ಟೆಯ ಕೆಲಸವನ್ನು, ನೂಲಿನ ದರ್ಜೆ ಮತ್ತು ಜುಂಗಿನ ವ್ಯರ್ಥ ಎರಡನ್ನೂ ಮೊದಲೇ ಕರಾರಿನಲ್ಲಿ ಬರೆಸಿಕೊಂಡು, ಬೇರೊಬ್ಬ ವ್ಯಾಪಾರಿಯಿಂದ ಪಡೆದಿದ್ದಾರೆ. ಲೆಕ್ಕ ಬದಲಾದದ್ದು ಈ ಕರಾರಿನಿಂದ.

ಹ‍ಳೆಯ ಹದಿನಾರು ಮಗ್ಗಗಳ ಆಯುಷ್ಯವನ್ನು ಕುರಿತು ಅಣ್ಣ ಕೇಳಿದಾಗ ಅವರಿಗೆ ಮೂರು ಅಂಕಿಗಳ ಮೇಲೆ ಕಣ್ಣಿಡಲು ಹೇಳಿದೆ. ಒಂದು, ಪಿಕ್‌ನ ಮಜೂರಿಯಲ್ಲಿ ನಡೆಸುವ ಖರ್ಚು ಕಳೆದು ಉಳಿಯುವ ಪೈಸೆ. ಅದು ಸೊನ್ನೆಗೆ ಬಂದ ತಿಂಗಳು ಮಗ್ಗ ನಿಲ್ಲಿಸಬೇಕು, ಭಾವನೆ ಅಡ್ಡ ಬರಬಾರದು. ಇನ್ನೊಂದು, ಸೆಕೆಂಡ್ ಹ್ಯಾಂಡ್ ರೇಪಿಯರ್‌ನ ಬೆಲೆ. ಬೇರೆ ದೇಶಗಳ ಗಿರಣಿಗಳು ಏರ್‌ಜೆಟ್‌ಗೆ ಹೋದಂತೆ ಅವರು ಬಿಟ್ಟ ರೇಪಿಯರ್‌ಗಳು ಅಗ್ಗವಾಗುತ್ತವೆ, ಒಬ್ಬರಿಗೆ ಹಳತಾದದ್ದು ಇಲ್ಲಿ ಹೊಸತಾಗಿ ಬರುತ್ತದೆ. ಮೂರನೆಯದು ಕೂಲಿಯ ದರಕ್ಕಿಂತ ಕೂಲಿಯವರ ಲಭ್ಯತೆ. ಶೆಡ್ಡಿನ ನೇಕಾರರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು, ಅವರ ಮಕ್ಕಳು ಯಾರೂ ಮಗ್ಗದ ಕೆಲಸಕ್ಕೆ ಬಂದಿಲ್ಲ. ಜಾಬರ್ ಕಾಕಾನ ಬಳಿ ಕೆಲಸ ಕಲಿಯುತ್ತಿರುವ ಹುಡುಗ ಒಬ್ಬನೇ, ಅವನೂ ವಾರದಲ್ಲಿ ಮೂರು ದಿನ ತಮ್ಮನ ರೇಪಿಯರ್ ಶೆಡ್ಡಿಗೆ ಹೋಗುತ್ತಾನೆ. ಮೊದಲ ಎರಡು ಅಂಕಿಗಳು ಅಣ್ಣನ ವಹಿಯಲ್ಲಿ ಪ್ರತಿ ತಿಂಗಳು ಬರೆಯಲ್ಪಡುತ್ತಿವೆ. ಮೂರನೆಯದಕ್ಕೆ ವಹಿಯಲ್ಲಿ ಇನ್ನೂ ಕಾಲಮ್ಮು ಇಲ್ಲ.